ಸ್ಟೋರ್ ಕೀಪರ್ ಕಟ್ಟಿದ ಕರ್ನೆಲ್

ಕಂಡದ್ದನ್ನೆಲ್ಲ ಕೂಡಿಡುವವರನ್ನು ನೋಡಿ ಜನ ನಗುತ್ತಾರೆ. ಕಂಡದ್ದನ್ನೆಲ್ಲ ಎಸೆಯುವವನನ್ನು ನೋಡಿ ಯಾರೂ ನಗುವುದಿಲ್ಲ. ಅವನಿಗೆ ಶಿಸ್ತಿನ ಮನುಷ್ಯ ಎಂದು ಹೆಸರು. ಈ ಒಂದು ಅನುಕೂಲದಿಂದ ನಾನು ಅರವತ್ತೆರಡು ವರ್ಷ ಮರ್ಯಾದೆಯಾಗಿ ಬದುಕಿದ್ದೇನೆ. ದಾಂಡೇಲಿಯ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರ್ ಕೀಪರ್ ಆಗಿದ್ದೆ. ಬೋಲ್ಟು, ಬೇರಿಂಗು, ಬೆಲ್ಟು, ವಾಷರುಗಳ ನಡುವೆ ಮೂವತ್ತೊಂದು ವರ್ಷ. ಅಲ್ಲಿ ನಾನು ಕಲಿತ ನಿಯಮ ಇಷ್ಟೇ: ಮೂರು ವರ್ಷ ಯಾರೂ ಬಂದು ಕೇಳದ ಸಾಮಾನು ಸತ್ತ ಸಾಮಾನು. ಅದಕ್ಕೆ ಕೆಂಪು ಬಣ್ಣ ಬಳಿದು ಗುಜರಿಗೆ ಹಾಕಬೇಕು. ಎರಡನೆಯ ನಿಯಮ: ಒಂದೇ ಸಾಮಾನು ಎರಡು ಕಡೆ ಇರಬಾರದು. ಈ ಎರಡು ನಿಯಮ ಬಿಟ್ಟರೆ ನನಗೆ ಬೇರೆ ವೇದಾಂತವಿಲ್ಲ. ಕೆಂಪು ಬಣ್ಣದ ಡಬ್ಬಿ ತೆಗೆದುಕೊಂಡು ನಾನು ಹೊರಟರೆ ಫಿಟ್ಟರುಗಳು ತಮ್ಮ ಚಹಾ ಕಪ್ಪು ಎತ್ತಿ ಹಿಡಿದುಕೊಳ್ಳುತ್ತಿದ್ದರು.

ನಿವೃತ್ತಿಯಾದ ಮೇಲೆ ನಿಯಮ ಮನೆಗೆ ಬಂತು. ಮನೆ ಸಣ್ಣದು, ಹಾಗಾಗಿ ಮೂರು ವರ್ಷವನ್ನು ಆರು ತಿಂಗಳಿಗೆ ಇಳಿಸಿದೆ. ಇಡ್ಲಿ ಮಾಡಿ ಆರು ತಿಂಗಳಾಯಿತೆಂದು ಇಡ್ಲಿ ಸ್ಟ್ಯಾಂಡು ಗುಜರಿಯವನ ಗಾಡಿಗೆ ಹೋಯಿತು. ಅದೇ ದಿನ ಬೆಳಿಗ್ಗೆ ನನ್ನ ಹೆಂಡತಿ ಕಮಲಾ ಇಡ್ಲಿಗೆ ಅಕ್ಕಿ ನೆನೆಹಾಕಿದ್ದಳು. ಆಮೇಲೆ ಹದಿನೈದು ದಿನ ಅವಳು ಪ್ರತಿ ಪಾತ್ರೆಯನ್ನೂ ದಿನಕ್ಕೊಮ್ಮೆ ಎತ್ತಿ, ನನಗೆ ಕಾಣುವ ಹಾಗೆ ತೊಳೆದು, ಮತ್ತೆ ಒಳಗಿಡುತ್ತಿದ್ದಳು. ಒಂದು ವಿಷಯ ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬೇಕು. ನಾನು ಎಲ್ಲವನ್ನೂ ಎಸೆದವನಲ್ಲ. ಅವಳ ಅಂಗನವಾಡಿಯ ಕಾಲದ ಒಂದು ಪಾಟಿ, ಮರದ ಚೌಕಟ್ಟಿನ, ಒಂದು ಮೂಲೆ ಒಡೆದ ಕಪ್ಪು ಕಲ್ಲಿನ ಪಾಟಿ, ನಮ್ಮ ಅಟ್ಟದ ಮೇಲೆ ವರ್ಷಗಟ್ಟಲೆ ಇತ್ತು. ಅದನ್ನು ನಾನು ಮುಟ್ಟಿರಲಿಲ್ಲ. ಸಾಮಾನಿನ ಯೋಗ್ಯತೆ ಗುರುತಿಸುವ ಕಣ್ಣು ಇರುವುದರಿಂದಲೇ ಅದನ್ನು ಉಳಿಸಿದೆ ಎಂದು ನಾನು ನಂಬಿದ್ದೆ, ಬಂದವರಿಗೆಲ್ಲ ಹೇಳಿದ್ದೆ ಕೂಡ.

ಬಂದವರಿಗೆ ಹೇಳುವ ಪ್ರಸಂಗ ಯಾಕೆ ಬಂತೆಂದರೆ, ಈಗ ಕಮಲಾ ಮಾತನಾಡುವುದು ಆ ಪಾಟಿಯ ಮೇಲೆ. ಆರು ತಿಂಗಳ ಹಿಂದೆ ಅವಳ ಗಂಟಲಿನಲ್ಲಿ ಗಂಟು ಸಿಕ್ಕಿತು. ಹುಬ್ಬಳ್ಳಿಯ ಡಾಕ್ಟರು ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದರು. ನಾನು ಡಾಕ್ಟರ ಮುಖ ನೋಡಿದೆ. ಜೀವನದಲ್ಲಿ ಮೊದಲ ಸಲ ಒಬ್ಬರು ಏನನ್ನೋ ತೆಗೆದುಹಾಕೋಣ ಎಂದಾಗ ನನ್ನ ಬಾಯಿಂದ ‘ಬೇಡ’ ಎಂದು ಬಂತು. ಆದರೆ ಕಮಲಾ ‘ತಗೀರಿ’ ಎಂದಳು. ಅವಳ ಬಾಯಿಂದ ನಾನು ಕೇಳಿದ ಕೊನೆಯ ಮಾತುಗಳಲ್ಲಿ ಅದೂ ಒಂದು. ಆಪರೇಷನ್ ಚೆನ್ನಾಗಿ ಆಯಿತು. ಕುತ್ತಿಗೆಗೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿಕೊಂಡು ಮನೆಗೆ ಬಂದಳು, ಅಟ್ಟದತ್ತ ಬೆರಳು ತೋರಿಸಿದಳು. ನಾನು ಪಾಟಿ ಇಳಿಸಿ ಒರೆಸಿ ಕೊಟ್ಟೆ.

ಹೆಂಡತಿಗೆ ಮಾತು ಹೋದರೆ ಮನೆಯಲ್ಲಿ ಜಗಳ ಕಡಿಮೆಯಾಗುತ್ತದೆ ಎಂದು ನನ್ನ ಒಬ್ಬ ಗೆಳೆಯ ತಮಾಷೆ ಮಾಡಿದ. ಅವನನ್ನು ನಾನು ಇನ್ನೂ ಕ್ಷಮಿಸಿಲ್ಲ, ಮತ್ತು ಅವನ ಮಾತೂ ಸುಳ್ಳು. ಮೊದಲು ಅವಳು ಬೈದರೆ ಒಂದು ಕಿವಿಯಲ್ಲಿ ಕೇಳಿ ಪೇಪರು ಓದಬಹುದಿತ್ತು. ಈಗ ಬೈಗುಳವನ್ನು ಕನ್ನಡಕ ಹಾಕಿಕೊಂಡು ಎದುರು ನಿಂತು ಓದಬೇಕು. ಅದರಲ್ಲೂ ಅವಳಿಗೆ ತಾಳ್ಮೆಯಿಲ್ಲ. ನಾನು ಮೊದಲ ಸಾಲು ಮುಗಿಸುವಷ್ಟರಲ್ಲಿ ಸೆರಗಿನಿಂದ ಅಳಿಸಿಬಿಡುತ್ತಾಳೆ. ಉಳಿದ ಅರ್ಧ ಏನಿತ್ತು ಎಂದು ಕೇಳಿದರೆ ಮತ್ತೆ ಬರೆಯುವುದಿಲ್ಲ. ಹೀಗೆ ಐದು ತಿಂಗಳಿಂದ ನಾನು ಅರ್ಧ ಬೈಸಿಕೊಂಡು ಓಡಾಡುತ್ತಿದ್ದೇನೆ. ಉಳಿದರ್ಧ ಇನ್ನೂ ಕೆಟ್ಟದಿರಬೇಕು ಎಂದು ಸ್ನಾನ ಮಾಡುವಾಗಲೂ ಯೋಚನೆ.

ಇನ್ನು ಕಂಪ್ಯೂಟರಿನ ವಿಷಯ. ಅದೊಂದು ಹಳೆಯ ಯಂತ್ರ. ಕಾಲಿಡುವ ಸ್ಟೂಲಿನಷ್ಟು ಎತ್ತರದ ಕಪ್ಪು ಪೆಟ್ಟಿಗೆ. ಅದರಲ್ಲಿ ಕಮಲಾಳ ಧ್ವನಿ ಇದೆ. ಅವಳು ಜೊಯಿಡಾ ಕಡೆಯ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಇದ್ದಳು. ಬೆಳಗಿನ ಬಸ್ಸಿಗೆ ಹೋಗಿ, ಇಳಿದ ಮೇಲೆ ಕಾಡಿನೊಳಗೆ ಮೂರು ಮೈಲಿ ನಡೆದು ಮುಟ್ಟಬೇಕು. ಅಲ್ಲಿಯ ಮಕ್ಕಳಿಗೆ ಮನೆಮಾತು ಕೊಂಕಣಿ, ಇವಳದು ಕನ್ನಡ. ಎರಡನ್ನೂ ಬೆರೆಸಿ ತಾನೇ ಕತೆ ಕಟ್ಟಿ ಹೇಳುತ್ತಿದ್ದಳು. ನಿವೃತ್ತಿಗೆ ಮುಂಚೆ, ಮುಂದೆ ಬರುವ ಟೀಚರಿಗೆ ಉಪಯೋಗವಾಗಲಿ ಎಂದು ಇಪ್ಪತ್ತಮೂರು ಕತೆ, ಹಾಡುಗಳನ್ನು ಮನೆಯಲ್ಲೇ ಕೂತು ಮೈಕಿನಲ್ಲಿ ಹೇಳಿ ಈ ಯಂತ್ರಕ್ಕೆ ತುಂಬಿದಳು. ಅವುಗಳ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಒಂದೇ ಸಾಮಾನು ಎರಡು ಕಡೆ ಇರಬಾರದು ಎಂಬ ನನ್ನ ನಿಯಮ ಆಗಲೇ ಹೇಳಿದ್ದೇನೆ. ಆ ಟೀಚರಿಗೆ ಕೊಡಲೆಂದು ಅವಳು ಪೆನ್ ಡ್ರೈವಿಗೆ ಹಾಕಿಟ್ಟಿದ್ದ ಪ್ರತಿಯನ್ನು ಅಳಿಸಿದವನು ನಾನೇ.

ಒಂದು ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ಕಮಲಾ ಪಾಟಿ ಹಿಡಿದು ನನ್ನ ಮುಂದೆ ನಿಂತಳು. ‘ನನ್ನ ಕತಿ ಅದಾವಲ್ರಿ, ಒಂದು ಹಚ್ಚರಿ. ಕೇಳ್ಬೇಕು ಅನಸ್ಯದ’ ಎಂದು ಬರೆದಿದ್ದಳು. ಇದೊಂದನ್ನು ಅವಳು ಅಳಿಸಲಿಲ್ಲ. ನಾನು ಎರಡು ಸಲ ಓದಿದೆ. ಐದು ತಿಂಗಳಲ್ಲಿ ಅವಳು ತನ್ನ ಧ್ವನಿಯ ಮಾತೆತ್ತಿದ್ದು ಅದೇ ಮೊದಲು. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಆ ಧ್ವನಿ ಕೇಳಿದರೆ ನಾನು ಅವಳೆದುರು ಅತ್ತುಬಿಡುತ್ತೇನೆ, ಅಳಬೇಕಾದವಳು ಅವಳಾಗಿರುವಾಗ ನಾನು ಅತ್ತರೆ ಅವಳೇ ಎದ್ದು ಬಂದು ನನಗೆ ಸಮಾಧಾನ ಮಾಡಬೇಕು, ಅದೂ ಪಾಟಿಯ ಮೇಲೆ. ಅದಕ್ಕೆ ನಾನು ಗಂಡಸರು ಮಾಡುವುದನ್ನೇ ಮಾಡಿದೆ. “ಈ ಮಷೀನ್ ಭಾಳ ನಿಧಾನ ಆಗೇತಿ, ಮೊದ್ಲು ಅದನ್ನ ರಿಪೇರಿ ಮಾಡ್ತೇನಿ, ಆಮ್ಯಾಲ ಹಚ್ತೇನಿ” ಎಂದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಪಾಟಿ ಒರೆಸಿಕೊಂಡು ಒಳಗೆ ಹೋದಳು.

ಯಂತ್ರ ನಿಧಾನ ಆಗಿದ್ದು ಸುಳ್ಳಲ್ಲ. ಅದರಲ್ಲಿರುವುದು ಲಿನಕ್ಸ್ ಎಂಬ, ಇಡೀ ಯಂತ್ರ ನಡೆಸುವ ಸಾಫ್ಟ್‌ವೇರು. ಅದರ ಹೊಟ್ಟೆಯೊಳಗೆ ಕರ್ನೆಲ್ ಎಂಬುದೊಂದಿದೆ. ಡಿಸ್ಕು, ಪರದೆ, ಕೀಲಿಮಣೆ, ಸ್ಪೀಕರು ಎಲ್ಲರಿಂದಲೂ ಕೆಲಸ ಮಾಡಿಸುವ ಮೇಸ್ತ್ರಿ ಅದು. ಯಂತ್ರ ಚಾಲೂ ಆದಾಗ ಮೊದಲು ಏಳುವವನೇ ಈ ಮೇಸ್ತ್ರಿ. ಲೋಕದಲ್ಲಿರುವ ಸಾವಿರಾರು ಬಗೆಯ ಯಂತ್ರಗಳ ಕೆಲಸ ಗೊತ್ತಿರುವುದರಿಂದ ಅವನ ಮೈ ದಪ್ಪ. ನಮಗೆ ಬೇಡವಾದ ವಿದ್ಯೆಗಳನ್ನೆಲ್ಲ ತೆಗೆದು, ನಮ್ಮ ಯಂತ್ರಕ್ಕಷ್ಟೇ ಹೊಂದುವ ತೆಳ್ಳನೆಯ ಕರ್ನೆಲನ್ನು ನಾವೇ ಕಟ್ಟಿಕೊಳ್ಳಬಹುದು ಎಂದು ಮೊಬೈಲಿನಲ್ಲಿ ಓದಿದೆ. ಬೇಡವಾದದ್ದನ್ನು ತೆಗೆಯುವುದು! ಓದುತ್ತಿದ್ದಂತೆ ನನ್ನ ಮೂವತ್ತೊಂದು ವರ್ಷದ ಸೇವೆ ಮೈಯೊಳಗೆ ಎದ್ದು ನಿಂತಿತು. ಒಂದು ಕತೆ ಹಚ್ಚಲು ಎರಡು ನಿಮಿಷ ಸಾಕಿತ್ತು. ನಾನು ಕರ್ನೆಲ್ ಕಟ್ಟಲು ಕೂತೆ.

ಕಟ್ಟುವ ಮೊದಲು ಒಂದು ದೊಡ್ಡ ಪಟ್ಟಿ ಬರುತ್ತದೆ. ಸಾಮಾನಿನ ಹೆಸರು, ಮುಂದೆ ಒಂದು ಚೌಕ. ಬೇಕಾದರೆ ಗುರುತು ಇರಲಿ, ಬೇಡವಾದರೆ ತೆಗೆಯಿರಿ. ಅಂಥ ಸುಖ ನನಗೆ ಕಾರ್ಖಾನೆ ಬಿಟ್ಟ ಮೇಲೆ ಸಿಕ್ಕಿರಲಿಲ್ಲ. ಹಡಗಿನ ರೇಡಿಯೋ, ಬೇಡ. ಆಟದ ಸ್ಟೀರಿಂಗು, ಬೇಡ. ಇನ್ಫ್ರಾರೆಡ್ಡು, ಅದೇನೋ, ಬೇಡ. ಮೊದಲ ದಿನ ಎಷ್ಟು ಉತ್ಸಾಹದಿಂದ ತೆಗೆದೆನೆಂದರೆ ಪರದೆಯನ್ನೂ ತೆಗೆದಿದ್ದೆ. ಕಟ್ಟಲು ಐದು ತಾಸು. ಕಾಳಿ ನದಿಯ ಕರೆಂಟು ಊರೂರಿಗೆಲ್ಲ ಹೋಗುತ್ತದೆ, ಆದರೆ ನಮ್ಮ ಓಣಿಗೆ ಬರುವಾಗ ಅದಕ್ಕೆ ದಣಿವು. ನಡುವೆ ಎರಡು ಸಲ ಹೋಗಿ ಮತ್ತೆ ಮೊದಲಿಂದ ಶುರು. ಕಡೆಗೆ ಚಾಲೂ ಮಾಡಿದರೆ ಕಪ್ಪು ಪರದೆ. ಪುಣ್ಯಕ್ಕೆ ಹಳೆಯ ಕರ್ನೆಲ್ ಇನ್ನೂ ಒಳಗಿತ್ತು. ಚಾಲೂ ಆಗುವಾಗ ಬರುವ ಪಟ್ಟಿಯಲ್ಲಿ ಅದನ್ನೇ ಆರಿಸಿ ವಾಪಸ್ಸು ಬಂದೆ. ಮರುದಿನ ಪರದೆಗೆ ಮಾಫಿ ಕೊಟ್ಟು ಮತ್ತೆ ಕಟ್ಟಿದೆ. ಈ ಸಲ ಯಂತ್ರ ಎದ್ದಿತು! ಮೊದಲಿಗಿಂತ ಬೇಗ ಎದ್ದಿತು. ಮುಗಿಯಿತಲ್ಲ, ಕತೆ ಹಚ್ಚಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕಮಲಾಳೂ ಪಾಟಿಯ ಮೇಲೆ ಅದನ್ನೇ ಕೇಳಿದಳು. “ಇನ್ನೊಂದು ಸ್ವಲ್ಪ ಕಡಿಮಿ ಮಾಡೂದೈತಿ” ಎಂದೆ.

ಮೂರನೆಯ ಸಲ ನಾನು ಮೂರು ಅನಾಹುತ ಮಾಡಿದೆ. ಒಂದು, ಹೊಸ ಕರ್ನೆಲ್ ಕೆಲಸ ಮಾಡುತ್ತಿದೆಯಲ್ಲ, ಅದೇ ಸಾಮಾನು ಎರಡು ಯಾಕೆ ಎಂದು ಲಿನಕ್ಸಿನ ಜೊತೆ ಕಂಪನಿಯಿಂದಲೇ ಬಂದ ಹಳೆಯ ಕರ್ನೆಲನ್ನು ಅಳಿಸಿದೆ. ಎರಡು, ಪಟ್ಟಿಯಲ್ಲಿ ‘ಸ್ಕಜಿ ಡಿಸ್ಕು’ ಎಂದೊಂದು ಕಂಡಿತು. ಹೆಸರೇ ಚರ್ಮರೋಗದ ಹಾಗಿದೆ. ನಮ್ಮ ಡಿಸ್ಕಿನ ಮೇಲಿನ ಚೀಟಿಯಲ್ಲಿ ‘ಸಾಟಾ’ ಎಂದು ಇದೆ. ಸ್ಕಜಿ ಎಂಬ ಸಾಮಾನು ನಮ್ಮ ಮನೆಯಲ್ಲೇ ಇಲ್ಲದ ಮೇಲೆ ಅದರ ಕೆಲಸ ಕಲಿತ ಮೇಸ್ತ್ರಿ ಯಾಕೆ ಎಂದು ಗುರುತು ತೆಗೆದೆ. ಮೂರು, ಕಟ್ಟಿ ಮುಗಿಸಿದಾಗ ಯಂತ್ರ ನನ್ನ ಎರಡನೆಯ ಕರ್ನೆಲನ್ನು ಎಸೆಯದೆ, ಅದರ ಹೆಸರಿನ ಕೊನೆಗೆ ‘ಓಲ್ಡ್’ ಎಂದು ಸೇರಿಸಿ ಪಕ್ಕಕ್ಕೆ ಇಟ್ಟಿತ್ತು. ನೀವೇ ಹೇಳಿ, ತನ್ನ ಹಣೆಯ ಮೇಲೆ ‘ಹಳೆಯದು’ ಎಂದು ಬರೆದುಕೊಂಡು ಕೂತ ಸಾಮಾನನ್ನು ಯಾವ ಸ್ಟೋರ್ ಕೀಪರ್ ಇಟ್ಟುಕೊಳ್ಳುತ್ತಾನೆ? ಅಳಿಸಿದೆ. ಅಂಗೈ ಒರೆಸಿಕೊಂಡು ಯಂತ್ರವನ್ನು ಬಂದ್ ಮಾಡಿ ಚಾಲೂ ಮಾಡಿದೆ.

ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಏರಿದವು. ನಡುವೆ ಎಲ್ಲೋ ನಿಂತವು. ಕೊನೆಯ ಸಾಲಿನಲ್ಲಿ, ಮೂಲ ಡಿಸ್ಕು ಸಿಗಲಿಲ್ಲ, ಕರ್ನೆಲ್ ಪ್ಯಾನಿಕ್ ಎಂದಿತ್ತು. ಗಾಬರಿಯಾಯಿತು ಎಂದು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಮೇಸ್ತ್ರಿಯನ್ನು ನಾನು ಕಾರ್ಖಾನೆಯಲ್ಲೂ ಕಂಡಿರಲಿಲ್ಲ. ಬಂದ್ ಮಾಡಿದೆ, ಚಾಲೂ ಮಾಡಿದೆ. ಅದೇ ಸಾಲು. ಹಿಂಬದಿಯ ವೈರುಗಳನ್ನು ಕಿತ್ತು ಊದಿ ಹಾಕಿದೆ. ಅದೇ ಸಾಲು. ಆಮೇಲೆ ವಿಷಯ ತಲೆಗೆ ಹತ್ತಿತು. ಡಿಸ್ಕೇ ಸಿಗುವುದಿಲ್ಲ ಎನ್ನುತ್ತಿದೆ. ಡಿಸ್ಕಿನಲ್ಲಿ ಅವಳ ಧ್ವನಿಯಿದೆ. ಹುಬ್ಬಳ್ಳಿಯಲ್ಲಿ ಡಾಕ್ಟರು ಒಮ್ಮೆ ತೆಗೆದರು, ಮನೆಯಲ್ಲಿ ನಾನು ಉಳಿದದ್ದನ್ನೂ ತೆಗೆದೆ.  ಅದೇ ಸಾಲನ್ನು ನೋಡುತ್ತ ಕೂತೆ.

ಕಮಲಾ ಚಹಾ ತಂದಿಟ್ಟಳು. ಪರದೆ ನೋಡಿದಳು. ಇಂಗ್ಲಿಷು ಅವಳಿಗೆ ಅಷ್ಟಕ್ಕಷ್ಟೆ, ಆದರೆ ಗಂಡನ ಬೆನ್ನು ಓದಲು ಬರುತ್ತದೆ. ‘ಹೋತೇನು?’ ಎಂದು ಬರೆದಳು. “ಇಲ್ಲ ಇಲ್ಲ, ಸಣ್ಣ ತ್ರಾಸು, ನಾಳೆ ಸರಿ ಆಗ್ತೈತಿ” ಎಂದೆ.  ಅವಳು ಪಾಟಿ ಮಡಿಲಲ್ಲಿ ಇಟ್ಟುಕೊಂಡು, ನಾನು ಚಹಾ ಕುಡಿದು ಮುಗಿಸುವ ತನಕ ಬಾಗಿಲ ಬಳಿ ಕೂತಿದ್ದಳು. ಅರ್ಧ ಬೈದು ಅಳಿಸಿದ್ದರೂ ನನಗೆ ಜೀವಕ್ಕೆ ಹಗುರಾಗುತ್ತಿತ್ತು. ಒಂದಕ್ಷರವೂ ಬೈಯದೇ ಬಿಟ್ಟಳು.

ಮರುದಿನ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಯವನೊಬ್ಬನಿಗೆ ತೋರಿಸಿದೆ. ಅವನು ಪರದೆಯನ್ನು ಪೂರ್ತಿ ನೋಡದೆಯೇ, “ಎಲ್ಲಾ ಅಳಿಸಿ ಹೊಸದಾಗಿ ಹಾಕೂಣ್ರಿ, ಅರ್ಧ ತಾಸಿನ ಕೆಲಸ” ಎಂದ. ಎಲ್ಲಾ ಅಳಿಸೋಣ! ಜೀವಮಾನವಿಡೀ ನಾನು ಹೇಳಿದ ಮಾತು ಅದು. ಅದು ಕಿವಿಗೆ ಇಷ್ಟು ಅಸಹ್ಯವಾಗಿ ಕೇಳುತ್ತದೆ ಎಂದು ಗೊತ್ತಿರಲಿಲ್ಲ. ಪೆಟ್ಟಿಗೆಯನ್ನು ಅವನ ಕೈಯಿಂದ ಕಸಿದುಕೊಂಡ ಹಾಗೆ ಎತ್ತಿಕೊಂಡು ಹೊರಬಂದೆ. ಆಗ ನೆನಪಾದವಳು ಹಳಿಯಾಳದ ನಸೀಮಾ. ನಮ್ಮ ಕಾರ್ಖಾನೆಯ ಇಲೆಕ್ಟ್ರಿಷಿಯನ್ ನಜೀರ್ ಸಾಹೇಬರ ಮಗಳು. ಸಾಹೇಬರು ಈಗಿಲ್ಲ. ಅವಳು ಹಳಿಯಾಳ ಬಸ್ ಸ್ಟ್ಯಾಂಡಿನ ಎದುರು ಝೆರಾಕ್ಸ್, ಟೈಪಿಂಗ್, ಕಂಪ್ಯೂಟರ್ ಕ್ಲಾಸು ಎಲ್ಲ ಸೇರಿದ ಒಂದು ಅಂಗಡಿ ನಡೆಸುತ್ತಾಳೆ. ಈ ಲಿನಕ್ಸನ್ನು ನನ್ನ ಯಂತ್ರಕ್ಕೆ ಹಾಕಿಕೊಟ್ಟವಳೂ ಅವಳೇ.

ಪೆಟ್ಟಿಗೆಯನ್ನು ಹಳೆಯ ಲುಂಗಿಯಲ್ಲಿ ಕಟ್ಟಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿ ಕೂತ ಅಜ್ಜಿ ಗಂಟನ್ನು ಬೆರಳಿಂದ ತಟ್ಟಿ ನೋಡಿ, “ಏನ್ರೀ ಇದು, ಮಿಕ್ಸರೇನು?” ಎಂದು ಕೇಳಿದಳು. ಕಂಪ್ಯೂಟರು ಎಂದೆ. “ಏನಾಗೇತಿ ಅದಕ?” “ಏಳವಲ್ದು.” “ಯಾರ್ ಕೆಡಿಸಿದ್ರು?” ನಾನು ಕಿಟಕಿಯ ಹೊರಗೆ ನೋಡಿದೆ. ಕಬ್ಬಿನ ಸೀಸನ್ನು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು, ಅದರ ಮುಂದೆ ಇನ್ನೊಂದು. ಹಿಂದಿಕ್ಕಲು ಜಾಗವಿಲ್ಲದೆ ಬಸ್ಸು ಅವುಗಳ ಬೆನ್ನಿಗೆ ತೆವಳುತ್ತಿತ್ತು. ಪ್ರತಿ ತಗ್ಗಿಗೂ ನಾನು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಹುಬ್ಬಳ್ಳಿಯಿಂದ ಆಪರೇಷನ್ ಮುಗಿಸಿ ಬರುವಾಗ ಕಮಲಾಳ ತಲೆಯನ್ನು ಹೀಗೇ ಹಿಡಿದುಕೊಂಡಿದ್ದೆ. ಅಜ್ಜಿ ಸುಮ್ಮನೆ ನೋಡುತ್ತಿದ್ದಳು. “ಭಾಳ ಕಿಮ್ಮತ್ತಿಂದು ಇರಬೇಕು” ಎಂದು ತನಗೆ ತಾನೇ ಹೇಳಿಕೊಂಡಳು. ಹೌದೆಂದು ತಲೆಯಾಡಿಸಿದೆ.

“ಬರ್ರಿ ಕಾಕಾ, ಕುಂದ್ರರಿ. ಕಾಕು ಹೆಂಗದಾರ?” ಎಂದಳು ನಸೀಮಾ. ಗಂಟು ಬಿಚ್ಚಿ ಯಂತ್ರವನ್ನು ಜೋಡಿಸಿ, ತನ್ನ ಒಂದು ಪೆನ್ ಡ್ರೈವ್ ಚುಚ್ಚಿ, ಅದರೊಳಗಿದ್ದ ಬೇರೆ ಮೇಸ್ತ್ರಿಯಿಂದ ಯಂತ್ರವನ್ನು ಎಬ್ಬಿಸಿದಳು.  ಪರದೆಯ ಮೇಲೆ ನಮ್ಮ ಡಿಸ್ಕಿನ ಹೆಸರು ಬಂತು. ಅದರೊಳಗೆ ‘ಕಮಲಾ ಕತೆಗಳು’ ಎಂಬ ಗೂಡು, ಗೂಡಿನಲ್ಲಿ ಸಾಲಾಗಿ ಇಪ್ಪತ್ತಮೂರು. ಒಂದೂ ಹೋಗಿರಲಿಲ್ಲ. ನನ್ನ ಕಣ್ಣು ಮಂಜಾಯಿತು, ಅಂಗಡಿಯಲ್ಲಿ ಧೂಳು ಬಹಳ ಎಂದು ಹೇಳಿ ಒರೆಸಿಕೊಂಡೆ. “ಡಿಸ್ಕಿಗೆ ಏನೂ ಆಗಿಲ್ಲ ಕಾಕಾ. ನೋಡೋ ಕಣ್ಣು ಇಲ್ದಂಗ ಮಾಡೀರಿ ನೀವು. ಏನ್ ಏನ್ ತಗದೀರಿ?” ಸ್ಕಜಿ ಎಂದೆ. ಅವಳು ಹಣೆ ಬಡಿದುಕೊಂಡಳು. “ಅಯ್ಯ ಅಲ್ಲಾ! ಸಾಟಾ ಡಿಸ್ಕ್ ಓದೂದು ಆ ಸ್ಕಜಿ ಮುಖಾಂತರನ ಅಲ್ರಿ! ಹೆಸರು ಅದು, ಕೆಲಸ ಎಲ್ಲಾರದೂ. ಅದನ್ನ ಯಾಕ ತಗದ್ರಿ?” “ನಮ್ಮಲ್ಲಿ ಆ ಸಾಮಾನ ಇದ್ದಿಲ್ಲಲ್ಲವ್ವಾ.” “ಮತ್ತ ಹಳೇ ಕರ್ನೆಲ್?” “ಒಗದೆ.” “ಓಲ್ಡ್ ಅಂತ ಒಂದು ಇರತೈತಲ್ರಿ?” ನಾನು ಬಿಚ್ಚಿಟ್ಟ ಲುಂಗಿಯನ್ನು ಮಡಚತೊಡಗಿದೆ. ಅವಳು ನನ್ನನ್ನೇ ನೋಡಿ, “ನಮ್ಮ ಅಬ್ಬಾ ಹೇಳ್ತಿದ್ರು” ಎಂದಳು. ಸಾಹೇಬರು ಏನು ಹೇಳುತ್ತಿದ್ದರು ಎಂದು ನಾನು ಕೇಳಲಿಲ್ಲ. ಅವರ ಹಳೆಯ ಟೆಸ್ಟರನ್ನು ನಾನು ಗುಜರಿಗೆ ಹಾಕಿದ್ದು ನನಗೆ ನೆನಪಿತ್ತು.

ಮೊದಲು ಅವಳು ಕತೆಗಳನ್ನೆಲ್ಲ ತನ್ನ ಯಂತ್ರಕ್ಕೆ ಒಂದು ಪ್ರತಿ ತೆಗೆದಿಟ್ಟಳು. ನಾನು ಒಂದೇ ಸಾಮಾನು ಎರಡು ಕಡೆ ಆಯಿತು ಎಂದು ಅಂದುಕೊಳ್ಳಲಿಲ್ಲ. ನಾಲ್ಕು ಕಡೆ ಆಗಲಿ ಎಂದುಕೊಂಡೆ. ಆಮೇಲೆ ಸ್ಕಜಿಯ ಗುರುತು ವಾಪಸ್ಸು ಹಾಕಿ, ಬದಲಾದಷ್ಟನ್ನೇ ಕಟ್ಟಿದಳು. ಎರಡು ಚಹಾ ಆಗುವುದರೊಳಗೆ ಯಂತ್ರ ತನ್ನ ಕಾಲ ಮೇಲೆ ತಾನೇ ಎದ್ದಿತು. “ಒಂದು ಕತಿ ಹಚ್ಚಿ ನೋಡ್ಲೇನ್ರಿ ಕಾಕಾ?” ಎಂದು ಕೇಳಿದಳು. “ಬ್ಯಾಡ ಬ್ಯಾಡ. ಮನ್ಯಾಗ ಹಚ್ತೇನಿ” ಎಂದೆ. ಝೆರಾಕ್ಸಿಗೆ ಬಂದ ನಾಲ್ಕು ಜನ ನಿಂತಿದ್ದರು. ಅದೂ ಅಲ್ಲದೆ, ಆ ಧ್ವನಿಯನ್ನು ಮೊದಲು ಕೇಳಬೇಕಾದವಳು ದಾಂಡೇಲಿಯಲ್ಲಿದ್ದಳು. ನಸೀಮಾ ಗಂಟು ಕಟ್ಟಿಕೊಟ್ಟು, “ಇನ್ನ ಹಳೇದನ್ನ ಅಳಸಬ್ಯಾಡ್ರಿ, ನನ್ನಾಣಿ ಐತಿ” ಎಂದಳು.

ಮನೆಗೆ ಬಂದಾಗ ಕಮಲಾ ಬಾಗಿಲಲ್ಲೇ ನಿಂತಿದ್ದಳು. ನಾನು ಕೈ ಮೇಲೆತ್ತಿ ಎಲ್ಲ ಇವೆ ಎಂದು ಸನ್ನೆ ಮಾಡಿದೆ. ಅವಳಿಗೆ ಕಿವಿ ಚೆನ್ನಾಗಿ ಕೇಳುತ್ತದೆ, ಬಾಯಲ್ಲೇ ಹೇಳಬಹುದಿತ್ತು. ಅವಳು ಕುತ್ತಿಗೆಯ ಬಟ್ಟೆ ಸರಿಮಾಡಿಕೊಂಡು, ತಲೆ ಬಾಚಿಕೊಂಡು, ನೆಂಟರ ಮನೆಗೆ ಹೋದವಳ ಹಾಗೆ ಯಂತ್ರದ ಮುಂದೆ ಕುರ್ಚಿಯ ತುದಿಯಲ್ಲಿ ಕೂತಳು. ಮೊದಲನೆಯ ಕತೆಯನ್ನು ಒತ್ತಿದೆ. ಪರದೆಯ ಮೇಲೆ ಒಂದು ಸಣ್ಣ ಚುಕ್ಕೆ ಎಡದಿಂದ ಬಲಕ್ಕೆ ಸರಿಯತೊಡಗಿತು. ಸ್ಪೀಕರಿನಿಂದ ಏನೂ ಬರಲಿಲ್ಲ. ಧ್ವನಿ ಏರಿಸಿದೆ. ಎರಡನೆಯ ಕತೆ ಒತ್ತಿದೆ. ಚುಕ್ಕೆ ಸರಿಯುತ್ತಿತ್ತು. ಕತೆ ನಡೆಯುತ್ತಿತ್ತು, ಮಾತು ಮಾತ್ರ ಇರಲಿಲ್ಲ. ನಾವಿಬ್ಬರೂ ಆ ಚುಕ್ಕೆಯನ್ನು ನೋಡುತ್ತ ಕೂತೆವು.

ಆಗ ನನಗೆ ನೆನಪಾಯಿತು. ಆ ಪಟ್ಟಿಯಲ್ಲಿ ‘ಧ್ವನಿ’ ಎಂದೊಂದು ಸಾಲು ಬಂದಿತ್ತು. ಐದು ತಿಂಗಳಿಂದ ಈ ಮನೆಯಲ್ಲಿ ಯಾರೂ ಸ್ಪೀಕರು ಹಚ್ಚಿರಲಿಲ್ಲ. ಯಾರೂ ಕೇಳದ ಸಾಮಾನು. ನನ್ನ ಕೈ ತನ್ನಷ್ಟಕ್ಕೆ ತಾನೇ ಗುರುತು ತೆಗೆದಿತ್ತು. ಯಾವ ಧ್ವನಿಗಾಗಿ ಇಷ್ಟೆಲ್ಲ ಮಾಡಲು ಕೂತಿದ್ದೆನೋ ಅದನ್ನೇ ಮೊದಲು ಗುಜರಿಗೆ ಹಾಕಿ ಬಂದಿದ್ದೆ. ನಾಚಿಕೆಯಿಂದ ತಲೆಯೆತ್ತಲು ಆಗಲಿಲ್ಲ. ಪಾಟಿಯ ಮೇಲೆ ಬಳಪದ ಸದ್ದು ಕೇಳಿತು. ಕಮಲಾ ಪಾಟಿಯನ್ನು ನನ್ನ ಮೂಗಿನ ಕೆಳಗೆ ಹಿಡಿದಳು. ‘ಇದಕ್ಕೂ ಆಪರೇಷನ್ ಮಾಡಿದ್ರೇನು?’

ನಾನು ಓದಿದೆ. ಮತ್ತೊಮ್ಮೆ ಓದಿದೆ. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದು ನೋಡಿದರೆ ನಗುತ್ತಿದ್ದಳು. ಆಪರೇಷನ್ ಆದ ಮೇಲೆ ಅವಳ ನಗು ಹಾಗೆಯೇ, ಭುಜದಲ್ಲಿ ಮಾತ್ರ. ನನಗೂ ನಗು ಬಂತು, ಅದರ ಹಿಂದೆಯೇ ಅಳು ಬಂತು, ಐದು ತಿಂಗಳಿಂದ ಹೆದರುತ್ತಿದ್ದದ್ದು ಧ್ವನಿ ಕೇಳದೆಯೇ ಆಗಿಹೋಯಿತು. ಅವಳು ಎದ್ದು ಬಂದು ಸೆರಗಿನಿಂದ ನನ್ನ ಮುಖ ಒರೆಸಿದಳು. ಪಾಟಿ ಒರೆಸುವ ಸೆರಗು ಅದೇ. ಕನ್ನಡಿಯಲ್ಲಿ ನೋಡಿಕೊಂಡಾಗ ಕೆನ್ನೆಯ ಮೇಲೆಲ್ಲ ಬಳಪದ ಹುಡಿ.

ಮರುದಿನ ಬೆಳಿಗ್ಗೆ ಮತ್ತೆ ಆ ಪಟ್ಟಿ ತೆರೆದೆ. ಈ ಸಲ ಕಮಲಾ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಳು. ನಾನು ತೆಗೆದಿದ್ದ ಒಂದೊಂದೇ ಸಾಮಾನಿನ ಹೆಸರು ಓದುತ್ತಿದ್ದೆ, ಅವಳು ಪಾಟಿ ಎತ್ತಿ ತೋರಿಸುತ್ತಿದ್ದಳು. ಪಾಟಿಯ ಮೇಲೆ ಒಂದೇ ಮಾತು ಬರೆದಿಟ್ಟುಕೊಂಡಿದ್ದಳು, ಪ್ರತಿ ಸಲ ಬರೆಯುವ ತ್ರಾಸು ಬೇಡ ಎಂದು: ‘ಇರ್ಲಿ’. ಸ್ಪೀಕರು? ಇರ್ಲಿ. ಮೈಕು? ಇರ್ಲಿ. “ಹಡಗಿನ ರೇಡಿಯೋ ಯಾಕ ಬೇಕು ನಮಗ? ಹಡಗು ಐತೇನು?” ಇರ್ಲಿ. ಆಟದ ಸ್ಟೀರಿಂಗನ್ನೂ ಇಟ್ಟುಕೊಂಡೆವು. ಕರೆಂಟು ಆ ದಿನ ಯಾಕೋ ಹೋಗಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ಕರ್ನೆಲ್ ಕಂಪನಿಯವರದಕ್ಕಿಂತ ದಪ್ಪಗಾಗಿತ್ತು. ಯಂತ್ರ ಮೊದಲಿಗಿಂತ ನಿಧಾನವಾಗಿ ಎದ್ದಿತು.

ಕತೆ ಒತ್ತಿದೆ. ಒಂದು ಕರಕರ ಸದ್ದು, ಆಮೇಲೆ ಅವಳು. “ಕೂಸಗೋಳ, ಇವತ್ತು ಕರಡಿ ಕತಿ ಹೇಳ್ತೇನಿ, ಗದ್ಲಾ ಮಾಡಬಾರ್ದು.” ಇಡೀ ಮನೆ ತುಂಬಿತು. ನಾನು ಕಮಲಾಳ ಕಡೆ ನೋಡಲಿಲ್ಲ. ಅವಳ ಕೈ ಮಾತ್ರ ಕಾಣುತ್ತಿತ್ತು, ಪಾಟಿಯ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಕತೆಯಲ್ಲಿ ಕರಡಿಗೆ ಜೇನಿನ ವಾಸನೆ ಬರುತ್ತದೆ, ಮರ ಹತ್ತುತ್ತದೆ, ಅರ್ಧ ಹತ್ತಿ ಕೆಳಗೆ ನೋಡಿ ಹೆದರುತ್ತದೆ. ಹೆದರಿದ ಕರಡಿಯ ಧ್ವನಿಯನ್ನು ಅವಳು ಎಷ್ಟು ಚಂದ ಮಾಡಿದ್ದಳು! ನನಗೆ ಗೊತ್ತೇ ಇರಲಿಲ್ಲ. ಇಪ್ಪತ್ತೆಂಟು ವರ್ಷ ಅದನ್ನು ಕೇಳಿದವರು ಆ ಹಳ್ಳಿಯ ಮಕ್ಕಳು. ನಾನು ಆ ಹೊತ್ತಿಗೆ ಸ್ಟೋರಿನಲ್ಲಿ ವಾಷರು ಎಣಿಸುತ್ತಿದ್ದೆ.

ಕರಡಿ ಇನ್ನೂ ಮರದ ಮೇಲಿದ್ದಾಗ ಕತೆ ಥಟ್ಟನೆ ನಿಂತಿತು. ಅದೇ ಸ್ಪೀಕರಿನಲ್ಲಿ, ದೂರದ ಅಟ್ಟದ ಕಡೆಯಿಂದ ಎಂಬಂತೆ, ಒಬ್ಬ ಗಂಡಸಿನ ಸಿಡುಕು ಧ್ವನಿ ಕೇಳಿಸಿತು. ನನ್ನದೇ. “ಏ ಕಮಲಾ, ಈ ಪಾಟಿ ಮೂಲಿ ಒಡದೈತಿ. ಯಾರೂ ಮುಟ್ಟಂಗಿಲ್ಲ. ಗುಜರಿಗೆ ಹಾಕ್ಲೇನು?” ಅವಳ ಧ್ವನಿ, ಕರಡಿಯದಲ್ಲ, ಅವಳದೇ ಧ್ವನಿ, ಬೇಸರದಿಂದ ಹೇಳಿತು: “ಇರ್ಲಿ ಬಿಡ್ರಿ, ಯಾವಾಗರ ಬೇಕಾಗ್ತೈತಿ.” ಆಮೇಲೆ ಅವಳು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು, ಕರಡಿ ಮರದಿಂದ ಇಳಿಯತೊಡಗಿತು.

ನಾನು ಕತೆಯನ್ನು ನಿಲ್ಲಿಸಲಿಲ್ಲ. ಪಾಟಿಯನ್ನು ಉಳಿಸಿದವನು ನಾನು ಎಂದು ಐದು ತಿಂಗಳಿಂದ ಬಂದವರಿಗೆಲ್ಲ ಹೇಳಿದ್ದೇನೆ. ಪ್ರತಿ ಸಲವೂ ಕಮಲಾ ಪಕ್ಕದಲ್ಲೇ ಇದ್ದಳು. ಪಾಟಿಯ ಮೇಲೆ ಒಂದು ದಿನವೂ ಅಲ್ಲ ಎಂದು ಬರೆದಿರಲಿಲ್ಲ. ಕತೆ ಮುಗಿಯಿತು.  ಏನಾದರೂ ಹೇಳಬೇಕಲ್ಲ ಎಂದು ನಾನೇ, “ಇಷ್ಟ್ ಒಗದ್ನಿ, ಇಷ್ಟ್ ಕೆಡಿಸಿದ್ನಿ. ಈಗ ಈ ಸ್ಟೋರ್ ಕೀಪರನ್ನ ಏನ್ ಮಾಡೂಣು? ಗುಜರಿಗೆ ಹಾಕೂಣೇನು?” ಎಂದೆ. ಕಮಲಾ ಬಳಪ ಎತ್ತಿ ಸರಸರ ಬರೆದು ತೋರಿಸಿದಳು. ನಾನು ಕನ್ನಡಕ ಹುಡುಕಿ ಹಾಕಿಕೊಂಡು ‘ಇರ್ಲಿ ಬಿಡ್ರಿ’ ಎಂಬಲ್ಲಿಯವರೆಗೆ ಓದುವಷ್ಟರಲ್ಲಿ ಎಂದಿನಂತೆ ಸೆರಗಿನಿಂದ ಅಳಿಸಿಬಿಟ್ಟಳು. ಅದರ ಮುಂದೆ ಇನ್ನೊಂದು ಸಾಲಿತ್ತು. ಬೇಕಾಗುತ್ತದೆ ಎಂದು ಬರೆದಿದ್ದಳೋ, ಬೇರೆ ಏನು ಬರೆದಿದ್ದಳೋ, ನನಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯ ಇನ್ನೂ ಬಂದಿಲ್ಲ.